ಓದಿದ ಪುಸ್ತಕವನ್ನು ಊರಿಗೆ ಹೇಳುವಾಗ
ಒಡೆಯರಪಾಳ್ಯದ, ಸುತ್ತಲ ಪಾಳ್ಯ–ಪೋಡುಗಳ ಓದುವ ಮಕ್ಕಳಿಗೆ ಕೆಲವು ಕಿವಿಮಾತು

ನಮ್ಮೂರಿನಿಂದ ಪುಸ್ತಕದಂಗಡಿ ನೋಡಬೇಕಾದರೆ ಲೊಕ್ಕನಹಳ್ಳಿ ದಾಟಿ ಕೊಳ್ಳೇಗಾಲದವರೆಗೆ ಬಸ್ಸಿನಲ್ಲಿ ಹೋಗಬೇಕು. ಅಲ್ಲಿ ಕೂಡ ಕೈಗೆ ಸಿಗುವುದು ಹೆಚ್ಚಾಗಿ ಗೈಡು, ನೋಟ್‌ಬುಕ್ಕು, ಪಂಚಾಂಗ. ಕತೆ, ಕಾದಂಬರಿ, ಆತ್ಮಕತೆ ಬೇಕೆಂದವರು ಮೈಸೂರಿಗೇ ಹೋಗಬೇಕು, ಇಲ್ಲವೇ ಅಂಚೆಯಲ್ಲಿ ತರಿಸಬೇಕು. ಇಂಥ ಕಡೆ ಪುಸ್ತಕ ಕೈಯಿಂದ ಕೈಗೆ ದಾಟುವುದು ಓದಿದವರ ಬಾಯಿಮಾತಿನಿಂದ. ಟೀ ಅಂಗಡಿ ಮುಂದೆ, ಬಸ್ಸಿಗೆ ಕಾಯುವ ಕಡೆ, ಜೋಳ ಬಿಡಿಸುವ ಕಣದಲ್ಲಿ ನೀವು ಒಂದು ಪುಸ್ತಕದ ಬಗ್ಗೆ ಏನು ಹೇಳುತ್ತೀರೋ ಅದರ ಮೇಲೆ ಇನ್ನೊಬ್ಬರು ಅದನ್ನು ಓದುವುದೂ ಬಿಡುವುದೂ ನಿಂತಿದೆ. ಸುಮ್ಮನೆ ಹೊಗಳಿದರೆ ಯಾರದೋ ಒಂದು ದಿನದ ಕೂಲಿ ದುಡ್ಡು ವ್ಯರ್ಥ. ಸುಮ್ಮನೆ ತೆಗಳಿದರೆ ಒಂದು ಒಳ್ಳೆಯ ಪುಸ್ತಕ ಪಂಚಾಯಿತಿ ಗ್ರಂಥಾಲಯದ ಬೀರುವಿನಿಂದ ಈಚೆಗೆ ಬರುವುದೇ ಇಲ್ಲ. ಇತ್ತೀಚೆಗೆ ನಿಮ್ಮಲ್ಲಿ ಕೆಲವರು ಕೂಟ ಸೇರಿ ಓದಿದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವುದನ್ನು ಕೇಳಿ ಹಿಗ್ಗಿದ್ದೇನೆ. ಆ ಮಾತಿಗೆ ತೂಕ ಬರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

• ಎಷ್ಟು ಓದಿದ್ದೀರಿ ಎಂಬುದನ್ನು ಮೊದಲು ಹೇಳಿ. ಅರ್ಧ ಓದಿದ್ದರೆ ಅರ್ಧ ಎನ್ನಿ, ಬರೀ ಮುನ್ನುಡಿ ಓದಿದ್ದರೆ ಅಷ್ಟನ್ನೇ ಹೇಳಿ. ಅದರಲ್ಲಿ ನಾಚಿಕೆ ಏನೂ ಇಲ್ಲ. ಓದದೆ ತೀರ್ಪು ಕೊಡುವುದು ಮಾತ್ರ ಪಾಪ. ಇದಕ್ಕೆ ದೂರದ ಉದಾಹರಣೆ ಬೇಡ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಬರುವ ತನಕ ನಮ್ಮ ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆ ಕೊಯಮತ್ತೂರು ಸೇರಿದ ಕೊಂಗುನಾಡಿನ ತಿರುಚೆಂಗೋಡನ್ನು ಹಿನ್ನೆಲೆಯಾಗಿಟ್ಟುಕೊಂಡು ಪೆರುಮಾಳ್ ಮುರುಗನ್ ತಮಿಳಿನಲ್ಲಿ ‘ಮಾದೊರುಬಾಗನ್’ ಎಂಬ ಕಾದಂಬರಿ ಬರೆದರು. ಮಕ್ಕಳಾಗದ ಗಂಡ ಹೆಂಡಿರ ಸಂಕಟದ ಕತೆ. 2010ರಲ್ಲಿ ಅಚ್ಚಾಯಿತು, ಜನ ಓದಿಕೊಂಡರು. ಗಲಾಟೆ ಎದ್ದದ್ದು 2014ರ ಕೊನೆಗೆ, ಕೆಲವೇ ಪುಟಗಳನ್ನು ಜೆರಾಕ್ಸ್ ಮಾಡಿ ಹಂಚಿದ ಮೇಲೆ. ಪುಸ್ತಕ ಸುಟ್ಟರು, ಊರು ಬಂದ್ ಮಾಡಿದರು. ಮರುವರ್ಷದ ಜನವರಿಯಲ್ಲಿ, ತನ್ನೊಳಗಿನ ಬರಹಗಾರ ಸತ್ತ ಎಂದು ಆ ಮನುಷ್ಯ ಪ್ರಕಟಿಸಿದರು. 2016ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟ ಮೇಲೆಯೇ ಅವರು ಮತ್ತೆ ಬರವಣಿಗೆಗೆ ಮರಳಿದ್ದು. ಜೆರಾಕ್ಸ್ ಹಾಳೆ ಹಿಡಿದು ಕೂಗಿದವರಲ್ಲಿ ಪೂರ್ತಿ ಪುಸ್ತಕ ಓದಿದ್ದವರು ಇನ್ನಷ್ಟು ಜನ ಇದ್ದಿದ್ದರೆ ಆ ಕೂಗು ಅಷ್ಟು ದೂರ ಹೋಗುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ನಿಮ್ಮ ಮೊಬೈಲಿಗೆ ಒಂದು ಪುಟದ ಫೋಟೊ ಬಂದಾಗ ಇದು ನೆನಪಿರಲಿ. ಹಿಂದಿನ ಪುಟವನ್ನೂ ಮುಂದಿನ ಪುಟವನ್ನೂ ಕೇಳಿ.

• ಪ್ರಶಸ್ತಿ ಬಂತೆಂದು ಹೊಗಳಬೇಡಿ, ಪ್ರಶಸ್ತಿ ಬಂತೆಂದು ಅನುಮಾನವನ್ನೂ ಪಡಬೇಡಿ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ಇಡೀ ನಾಡು ಮಾತಾಡಿತು. ಒಳ್ಳೆಯದೇ. ಆದರೆ ಅದು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಪುಸ್ತಕ. ಅದರೊಳಗಿನ ಕತೆಗಳನ್ನು ಬಾನು ಅವರು ಬರೆದದ್ದು ಕನ್ನಡದಲ್ಲಿ, ಮೂವತ್ತು ವರ್ಷಕ್ಕೂ ಮೀರಿದ ಅವಧಿಯಲ್ಲಿ. ಅವು ಕನ್ನಡದಲ್ಲಿ ಸಂಕಲನವಾಗಿ ಬಂದಿವೆ, ಹುಡುಕಿದರೆ ಸಿಗುತ್ತವೆ. ಮೂಲವೇ ನಮ್ಮ ನುಡಿಯಲ್ಲಿರುವಾಗ ಪತ್ರಿಕೆಯ ಸುದ್ದಿ ಓದಿ ಅಭಿಪ್ರಾಯ ಹೇಳುವುದು ಯಾಕೆ? ಒಂದೇ ಒಂದು ಕತೆ ಓದಿ, ಆ ಒಂದರ ಬಗ್ಗೆ ಮಾತಾಡಿ. ಅದು ಸಾಕು.

• ‘ಚೆನ್ನಾಗಿದೆ’ ಎಂದು ನಿಲ್ಲಿಸಬೇಡಿ. ಎಲ್ಲಿ ಚೆನ್ನಾಗಿದೆ? ಯಾವ ಜಾಗ ಓದುವಾಗ ಪುಸ್ತಕ ಮಡಚಿ ಒಂದು ಗಳಿಗೆ ಸುಮ್ಮನೆ ಕೂತಿರಿ? ದೇವನೂರ ಮಹಾದೇವರ ‘ಒಡಲಾಳ’ ಓದಿದ ಹುಡುಗಿ ಬಂದು “ದಲಿತರ ಬಗ್ಗೆ ಒಳ್ಳೆಯ ಪುಸ್ತಕ” ಎಂದರೆ ನನಗೆ ಏನೂ ತಿಳಿಯುವುದಿಲ್ಲ. “ಸಾಕವ್ವ ಕಳೆದುಹೋದ ತನ್ನ ಹುಂಜ ಹುಡುಕುತ್ತಾ ಹೋಗುವ ಕಡೆ ನನ್ನ ಅಜ್ಜಿಯೇ ಕಂಡಳು” ಎಂದರೆ ನಾನು ಆ ದಿನವೇ ಪುಸ್ತಕ ಕೇಳಿ ಪಡೆಯುತ್ತೇನೆ. ಒಂದು ಚೀಟಿಯಲ್ಲಿ ಪುಟದ ಸಂಖ್ಯೆ ಗುರುತು ಮಾಡಿಕೊಳ್ಳುತ್ತಾ ಓದಿ. ಗ್ರಂಥಾಲಯದ ಪುಸ್ತಕಕ್ಕೆ ಪೆನ್ನು ತಾಗಿಸಬೇಡಿ.

• ಕತೆಯ ಕೊನೆಯನ್ನು, ಓದಲಿರುವವರಿಗೆ ಬಿಚ್ಚಬೇಡಿ. ಓದಲು ಬಾರದವರಿಗೆ ಪೂರ್ತಿ ಹೇಳಿ, ಏನನ್ನೂ ಬಚ್ಚಿಡಬೇಡಿ.

• ಅರ್ಥವಾಗದ ಪುಸ್ತಕವನ್ನು ಗಟ್ಟಿಯಾಗಿ ಓದಿ ನೋಡಿ, ಆಮೇಲೆ ಅಭಿಪ್ರಾಯ ಹೇಳಿ. ಮಹಾದೇವರದೇ ‘ಕುಸುಮಬಾಲೆ’ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಓದಲು ಕಷ್ಟ, ಭಾಷೆ ತಿಳಿಯದು ಎಂದು ದೂರಿದ ಪಟ್ಟಣದ ಓದುಗರು ಬಹಳ. ನಂಜನಗೂಡು, ಚಾಮರಾಜನಗರದ ಕಡೆಯ ಆಡುಮಾತು ಅದು. ನಮ್ಮ ಕೊಳ್ಳೇಗಾಲ, ಹನೂರಿನ ಮಾತಿಗೆ ಕೂಗಳತೆ ದೂರದ್ದು. ಕಣ್ಣಿಗೆ ತೊಡಕಾದದ್ದು ಕಿವಿಗೆ ತೊಡಕಾಗುವುದಿಲ್ಲ. ಸಂಜೆ ಜಗಲಿಯಲ್ಲಿ ಕೂತು ನಾಲ್ಕು ಪುಟ ದನಿ ಎತ್ತಿ ಓದಿ. ಅದರಲ್ಲಿ ರಾತ್ರಿ ಹೊತ್ತು ದೀಪಗಳು, ಅಂದರೆ ಜೋತಮ್ಮಂದಿರು, ಸೇರಿಕೊಂಡು ತಂತಮ್ಮ ಮನೆಯ ಸುದ್ದಿ ಮಾತಾಡಿಕೊಳ್ಳುತ್ತವೆ. ಶಾಲೆ ಕಲಿತವರು ಅದನ್ನು ಏನೇನೋ ದೊಡ್ಡ ಹೆಸರಿಟ್ಟು ವಿವರಿಸುತ್ತಾರೆ. ನಿಮ್ಮ ಅಜ್ಜಿ ಯಾವ ವಿವರಣೆಯನ್ನೂ ಕೇಳುವುದಿಲ್ಲ, ದೀಪ ಮಾತಾಡುವುದು ಆಕೆಗೆ ಹೊಸದಲ್ಲ. ನಾಡಿನ ಉಳಿದ ಕಡೆಯವರು ಕಷ್ಟಪಟ್ಟು ತಿಳಿಯುವ ಒಂದು ಮಹಾಕೃತಿ ನಮಗೆ ಹುಟ್ಟಿನಿಂದಲೇ ತಿಳಿಯುವಂಥದ್ದು. ಆ ಪುಸ್ತಕದ ಬಗ್ಗೆ ಮಾತಾಡುವ ಹಕ್ಕು ನಿಮಗಿದೆ, ಹೊಣೆಯೂ ಇದೆ. ವಿಮರ್ಶಕರು ಏನೆಂದರು ಎಂದು ಕಾಯಬೇಡಿ.

• ನಮ್ಮ ಮಣ್ಣಿನ ಬಗ್ಗೆ ಬರೆದ ಪುಸ್ತಕ ಸಿಕ್ಕರೆ, ಕಣ್ಣಾರೆ ಕಂಡವರನ್ನು ಕೇಳದೆ ಅಭಿಪ್ರಾಯ ಕಟ್ಟಬೇಡಿ. ಕಾಡುಗಳ್ಳ ವೀರಪ್ಪನ್ ಕಾಲದ ಪುಸ್ತಕಗಳ ವಿಷಯದಲ್ಲಿ ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ವಯಸ್ಸಿನವರು ಈಗ ಹೆಚ್ಚು ಆಸೆಯಿಂದ ಓದುತ್ತಿರುವುದು ಅವನ್ನೇ. ನಿಮ್ಮಲ್ಲಿ ಬಹುಪಾಲು ಮಂದಿ 2004ರ ಅಕ್ಟೋಬರ್ 18ರ ನಂತರ, ಅಂದರೆ ಅವನು ಸತ್ತ ಮೇಲೆ, ಹುಟ್ಟಿದವರು. ನಿಮಗೆ ಅದು ಸಿನಿಮಾದ ಹಾಗೆ ಕಾಣುತ್ತದೆ. 1991ರಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ಕೊಂದದ್ದು, 1992ರಲ್ಲಿ ರಾಮಾಪುರ ಠಾಣೆಯ ಮೇಲೆ ಬಿದ್ದದ್ದು, ಅದೇ ವರ್ಷ ಮೀಣ್ಯದ ಹತ್ತಿರ ಎಸ್ಪಿ ಹರಿಕೃಷ್ಣ, ಎಸ್ಐ ಶಕೀಲ್ ಅಹಮದ್ ಸತ್ತದ್ದು, 2002ರಲ್ಲಿ ಕಾಮಗೆರೆಯಿಂದ ಮಾಜಿ ಸಚಿವ ನಾಗಪ್ಪನವರನ್ನು ಹೊತ್ತುಕೊಂಡು ಹೋದದ್ದು: ಇವೆಲ್ಲ ನಡೆದದ್ದು ನಮ್ಮ ಹನೂರು ಸೀಮೆಯಲ್ಲೇ. ಅವನನ್ನು ಹಿಡಿಯಲು ಬಂದ ಪೊಲೀಸ್ ಟಾಸ್ಕ್‌ಫೋರ್ಸ್ ಹೆಸರು ಕೇಳಿದರೆ ಮನೆ ಬಿಟ್ಟು ಓಡುತ್ತಿದ್ದ ಊರುಗಳೂ ಇಲ್ಲಿಯವೇ. ಟಾಡಾ ಕೇಸಿನಲ್ಲಿ ವರ್ಷಗಟ್ಟಲೆ ಮೈಸೂರು ಜೈಲಿನಲ್ಲಿ ಕಳೆದು ಬಂದ ಹಳ್ಳಿಗರಿದ್ದಾರೆ.

ಈಗ ಪುಸ್ತಕಗಳನ್ನು ನೋಡಿ. ಕೆ. ವಿಜಯ್ ಕುಮಾರ್ 2017ರಲ್ಲಿ ಇಂಗ್ಲಿಷಿನಲ್ಲಿ ಬರೆದದ್ದು ತಮಿಳುನಾಡಿನ ಕಾರ್ಯಾಚರಣೆ ಪಡೆಯ ಮುಖ್ಯಸ್ಥನ ಕಣ್ಣಿಂದ. ಕೃಪಾಕರ–ಸೇನಾನಿ ಬರೆದದ್ದು 1997ರಲ್ಲಿ ಬಂಡೀಪುರದಿಂದ ಅಪಹರಣವಾಗಿ ಹದಿನಾಲ್ಕು ದಿನ ಅವನ ಸೆರೆಯಲ್ಲಿದ್ದ ಇಬ್ಬರು ಕಾಡುಪ್ರಾಣಿ ಛಾಯಾಗ್ರಾಹಕರ ಕಣ್ಣಿಂದ. ಎರಡೂ ಓದಬೇಕಾದವೇ. ನನ್ನ ಮೆಚ್ಚುಗೆ ಎರಡನೆಯದಕ್ಕೆ ಹೆಚ್ಚು. ಹೆದರಿಕೆಯ ನಡುವೆಯೂ ಅವರು ಆ ಗುಂಪಿನವರನ್ನು ಮನುಷ್ಯರೆಂದು ನೋಡುವುದನ್ನು ಬಿಡಲಿಲ್ಲ, ಕಾಡಿನ ಹಕ್ಕಿಯನ್ನೂ ಮರೆಯಲಿಲ್ಲ. ಆದರೆ ಒಂದು ಕಡೆ ಪೊಲೀಸರು, ಇನ್ನೊಂದು ಕಡೆ ಅವನು, ನಡುವೆ ಸಿಕ್ಕಿಕೊಂಡ ಊರಿನವರು ತಾವೇ ಬರೆದ ಪುಸ್ತಕ ಎಲ್ಲಿ? ಒಬ್ಬರು ಓದಿದ್ದನ್ನು ಹೇಳುವಾಗ ಈ ಪ್ರಶ್ನೆ ಎದ್ದು ಬರಬೇಕು. ಯಾರ ಬಾಯಿಂದ ಬಂದ ಕತೆ ಇದು? ಇದರಲ್ಲಿ ಯಾರಿಗೆ ಹೆಸರಿದೆ, ಯಾರು ಬರೀ ‘ಗ್ರಾಮಸ್ಥರು’ ಆಗಿ ಉಳಿದಿದ್ದಾರೆ? ಪುಸ್ತಕ ಮುಗಿಸಿ ನಿಮ್ಮ ಬೀದಿಯ ಹಿರಿಯರ ಹತ್ತಿರ ಹೋಗಿ, ಕೇಳಿ. ಹೇಳಲು ಮನಸ್ಸಿಲ್ಲದವರನ್ನು ಕೆದಕಬೇಡಿ, ಕೆಲವರಿಗೆ ಆ ಗಾಯ ಇನ್ನೂ ಹಸಿ. ಹೇಳುವವರ ಮಾತನ್ನು ಒಂದು ನೋಟ್‌ಬುಕ್ಕಿನಲ್ಲಿ ಅವರ ಒಪ್ಪಿಗೆ ಪಡೆದು ಬರೆದಿಡಿ. ನಿಮ್ಮ ಅಭಿಪ್ರಾಯ ಅಲ್ಲಿಂದ ಶುರುವಾಗಲಿ.

• ಕಾಡಿನ ಮಕ್ಕಳು ಓದಿ ಹೇಳುವ ಮಾತಿಗೆ ಕಿವಿ ಕೊಡಿ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಬಂತು, ಇವತ್ತಿಗೂ ಹೈಸ್ಕೂಲು ಮಕ್ಕಳ ಕೈಯಲ್ಲಿ ಓಡುತ್ತಿದೆ. ಹಾರುವ ಓತಿಯನ್ನು ಹುಡುಕಿ ಹೊರಡುವ ವಿಜ್ಞಾನಿಯ ಕತೆ ಎಂದು ನೀವು ಹೇಳುತ್ತೀರಿ. ಊರಿನವರು ದಡ್ಡನೆಂದು ನಗುವ ಮಂದಣ್ಣನೇ ಅಲ್ಲಿ ಕಾಡನ್ನು ಬಲ್ಲವನು, ಅವನ ಬೆಲೆ ಗೊತ್ತಿದ್ದದ್ದು ಕರ್ವಾಲೊ ಒಬ್ಬರಿಗೇ. ಜೇನು ಇಳಿಸುವ ಸೋಲಿಗರ ಮನೆಯ ಹುಡುಗ ಇದನ್ನು ಓದಿದರೆ, ಮಂದಣ್ಣನ ಪಕ್ಕದಲ್ಲಿ ಕೂತು ಓದಿದ ಹಾಗಿರುತ್ತದೆ. ಮೂಡಿಗೆರೆಯ ಕಾಡಿಗೂ ಬಿಳಿಗಿರಿರಂಗನ ಬೆಟ್ಟದ ಕಾಡಿಗೂ ಇರುವ ವ್ಯತ್ಯಾಸವನ್ನು ಅವನು ಗಿಡದ ಹೆಸರು ಹಿಡಿದು ಹೇಳಬಲ್ಲ. ನಿಮ್ಮ ಕೂಟದಲ್ಲಿ ಸೋಲಿಗರ ಪೋಡಿನ ಮಕ್ಕಳು ಹಿಂದಿನ ಸಾಲಿನಲ್ಲಿ ಬಾಯಿ ಬಿಡದೆ ಕೂರುವಂತಾದರೆ ಆ ಕೂಟಕ್ಕೆ ನಷ್ಟ. ಅವರನ್ನು ಮೊದಲು ಮಾತಾಡಿಸಿ.

• ಒಂದು ಪುಸ್ತಕಕ್ಕೆ ಎರಡು ಅಭಿಪ್ರಾಯ ಬಂದರೆ ಒಂದನ್ನು ಸಾಯಿಸಲು ಹೋಗಬೇಡಿ. ಯಳಂದೂರಿನ ಸಂಚಿ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆ ಸಂಚಿಯ ಊಳಿಗದಲ್ಲಿದ್ದವಳು. ಆ ರಾಜ ಆಳಿದ್ದು 1673ರಿಂದ 1704ರವರೆಗೆ. ನಮ್ಮ ಪಕ್ಕದ ಊರಿನ ಒಬ್ಬ ಹೆಣ್ಣುಮಗಳು ಆ ಕಾಲಕ್ಕೆ ‘ಹದಿಬದೆಯ ಧರ್ಮ’ ಎಂಬ ಸಾಂಗತ್ಯ ಕಾವ್ಯ ಬರೆದಳು. ಅದನ್ನು ಓದಿದ ಒಬ್ಬರು, ಇದು ಹೆಂಗಸು ಗಂಡನಿಗೆ ತಗ್ಗಿ ನಡೆಯಬೇಕೆಂದು ಕಲಿಸುವ ಪುಸ್ತಕ ಎನ್ನುತ್ತಾರೆ. ಇನ್ನೊಬ್ಬರು, ಹೆಣ್ಣೆಂದು ಹೀಗಳೆಯುವವರನ್ನು ಮುಖಕ್ಕೆ ಮುಖ ಕೊಟ್ಟು ಕೇಳಿದ ಪುಸ್ತಕ ಎನ್ನುತ್ತಾರೆ. ಇಬ್ಬರೂ ಪುಸ್ತಕದೊಳಗಿನ ಪದ್ಯಗಳನ್ನೇ ತೋರಿಸಬಲ್ಲರು. ಎರಡೂ ಅದರಲ್ಲಿವೆ. ಪಾತಿವ್ರತ್ಯ ಹೇಳೆಂದು ಅರಮನೆ ಕೂರಿಸಿದಾಗ ಅದನ್ನು ಹೇಳುತ್ತಲೇ ತನ್ನ ಮಾತನ್ನೂ ಸೇರಿಸಿದ ಜಾಣೆ ಆಕೆ ಎಂಬುದು ನನ್ನ ಎಣಿಕೆ. ನೀವು ಒಪ್ಪಲೇಬೇಕೆಂದಿಲ್ಲ. ಒಪ್ಪದಿದ್ದರೆ ಪದ್ಯ ತೋರಿಸಿ.

• ವಾದ ಬಂದಾಗ ಪುಸ್ತಕವನ್ನು ಬಿಟ್ಟು ಮನುಷ್ಯನ ಮೇಲೆ ಹೋಗಬೇಡಿ. ನಮ್ಮ ಮಗ್ಗುಲಲ್ಲೇ ಧೊಂಡೆನ್‌ಲಿಂಗ್ ಟಿಬೆಟ್ ಕ್ಯಾಂಪು 1970ರ ದಶಕದಿಂದ ಇದೆ. ಅವರ ಮಠಗಳಲ್ಲಿ ಉದ್ದುದ್ದ ಬಿಡಿ ಹಾಳೆಗಳ ಗ್ರಂಥವನ್ನು ಬಟ್ಟೆಯಲ್ಲಿ ಸುತ್ತಿ ಎತ್ತರದಲ್ಲಿ ಇಡುತ್ತಾರೆ, ನೆಲಕ್ಕೆ ತಾಗಿಸುವುದಿಲ್ಲ. ಅಷ್ಟು ಪೂಜ್ಯವಾದ ಗ್ರಂಥವನ್ನೂ ಪ್ರಶ್ನೆ ಮಾಡದೆ ಕಲಿಯುವುದಿಲ್ಲ. ಬೈಲಕುಪ್ಪೆಯ ಸೆರಾ ಮಠದ ಅಂಗಳದಲ್ಲಿ ಲಾಮಾ ಹುಡುಗರು ವಾದ ಮಾಡುವುದನ್ನು ನೋಡಿದವರಿಗೆ ಇದು ಗೊತ್ತು. ಕೇಳುವವನು ನಿಂತಿರುತ್ತಾನೆ, ಉತ್ತರ ಕೊಡುವವನು ಕೂತಿರುತ್ತಾನೆ. ಒಂದೊಂದು ಪ್ರಶ್ನೆಗೂ ಕೈ ಚಪ್ಪಾಳೆ, ಕಾಲು ಅಪ್ಪಳಿಸುವ ಸದ್ದು. ನೋಡುವವರಿಗೆ ಜಗಳ ಅನ್ನಿಸಬೇಕು, ಹಾಗಿರುತ್ತದೆ. ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಊಟಕ್ಕೆ ಹೋಗುತ್ತಾರೆ. ನಿಮ್ಮ ಕೂಟದಲ್ಲೂ ಒಬ್ಬರು ಓದಿದ್ದನ್ನು ಹೇಳಿದ ಮೇಲೆ ಇನ್ನೊಬ್ಬರು ಎದ್ದು ನಿಂತು ಕೇಳುವ ಪದ್ಧತಿ ಇಟ್ಟುಕೊಳ್ಳಿ. “ಅದು ಯಾವ ಪುಟದಲ್ಲಿದೆ?” ಎಂಬುದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ.

• ಬರೆದವರ ಜಾತಿ ಯಾವುದು, ಯಾವ ಪಕ್ಷದ ಕಡೆಯವರು ಎಂದು ತಿಳಿದುಕೊಂಡು ಪುಸ್ತಕ ತೆರೆಯುವ ಚಟ ಈಗ ಹಳ್ಳಿಗೂ ಬಂದಿದೆ. ಇದನ್ನು ಬೇರು ಸಮೇತ ಕಿತ್ತು ಹಾಕಿ.

• ಓದು ಬಾರದವರ ಅಭಿಪ್ರಾಯವನ್ನೂ ಕೇಳಿ ಪಡೆಯಿರಿ. ನಮ್ಮ ಸೀಮೆಯ ದೊಡ್ಡ ಕಾವ್ಯಗಳು ಪುಸ್ತಕವಾಗುವುದಕ್ಕೆ ಬಹಳ ಮುಂಚೆಯೇ ಜನ ಅವನ್ನು ಕೇಳಿ, ತೂಗಿ, ಮಾತಾಡಿಕೊಂಡು ಬಂದಿದ್ದಾರೆ. ಕಂಸಾಳೆಯವರು ಮಹದೇಶ್ವರನ ಕತೆ ಹಾಡಿದರು, ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ ಕತೆ ಹಾಡಿದರು. ಎದುರು ಕೂತವರು ಹೂಂಗುಟ್ಟುತ್ತಾ, ನಿಟ್ಟುಸಿರು ಬಿಡುತ್ತಾ ರಾತ್ರಿ ಕಳೆದರು. ಮಳೆ ಹೋದ ವರ್ಷ ವಿರಾಟಪರ್ವ ಓದಿಸುವುದು ಕನ್ನಡದ ಹಳ್ಳಿಗಳಲ್ಲಿ ಹಳೆಯ ರೂಢಿ. ಒಬ್ಬರು ರಾಗವಾಗಿ ಓದಿದರೆ ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಪುಸ್ತಕದ ಮಾತು ನಾಲ್ಕು ಜನರ ನಡುವೆ ನಡೆಯುವುದು ನಮಗೆ ಎಲ್ಲಿಂದಲೋ ಬಂದ ಹೊಸ ಪದ್ಧತಿ ಅಲ್ಲ.

ಪಿ.ಕೆ. ರಾಜಶೇಖರ ಅವರು ಹಾಡುವವರ ಬಾಯಿಂದ ಸಂಗ್ರಹಿಸಿದ ಮಲೆಯ ಮಾದೇಶ್ವರನ ಕಾವ್ಯ ಅಚ್ಚಿನಲ್ಲಿದೆ. ಅದರಲ್ಲಿ ಸಂಕಮ್ಮನ ಸಾಲು ಎಂಬ ಭಾಗವನ್ನು ತೆಗೆದು, ನಿಮ್ಮ ಮನೆಯ ಹೆಂಗಸರಿಗೆ ಓದಿ ಹೇಳಿ. ಗಂಡ ನೀಲಯ್ಯ ಕಾಡಿಗೆ ಹೊರಟವನು, ತಾನಿಲ್ಲದಾಗ ತಪ್ಪು ಮಾಡುವುದಿಲ್ಲ ಎಂದು ಭಾಷೆ ಕೊಡು ಎನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಅವನು ಪಡಿಸಬಾರದ ಪಾಡು ಪಡಿಸಿ ಹೋಗುತ್ತಾನೆ. ಆಕೆಯ ಕೂಗಿಗೆ ಮಾದೇವ ಓಗೊಡುತ್ತಾನೆ. ಇಷ್ಟು ಓದಿ, “ಭಾಷೆ ಕೊಟ್ಟುಬಿಟ್ಟಿದ್ದರೆ ಆಗುತ್ತಿರಲಿಲ್ಲವೇ?” ಎಂದು ಕೇಳಿ ನೋಡಿ. ಕಳೆ ಕೀಳಲು ಹೋಗಿ ಬಂದ ಅತ್ತೆ, ಬೀಡಿ ಕಟ್ಟುವ ಚಿಕ್ಕಮ್ಮ, ಹತ್ತನೇ ಕ್ಲಾಸಿನ ಹುಡುಗಿ ಮೂವರೂ ಮೂರು ಉತ್ತರ ಕೊಡುತ್ತಾರೆ, ಮತ್ತು ಆ ಮೂರರಲ್ಲಿ ಒಂದನ್ನಾದರೂ ನೀವು ಯಾವ ವಿಮರ್ಶೆಯಲ್ಲೂ ಓದಿರುವುದಿಲ್ಲ. ಹೊನ್ನಮ್ಮನ ಪುಸ್ತಕವನ್ನೂ ಸಂಕಮ್ಮನ ಸಾಲನ್ನೂ ಪಕ್ಕ ಪಕ್ಕ ಇಟ್ಟು ಒಂದು ಸಂಜೆ ಮಾತಾಡಿದರೆ, ಯಳಂದೂರಿನಿಂದ ಮಾದಪ್ಪನ ಬೆಟ್ಟದವರೆಗಿನ ಹೆಣ್ಣುಮಕ್ಕಳ ಮುನ್ನೂರು ವರ್ಷದ ಮಾತು ಒಂದೇ ಜಗಲಿಗೆ ಬರುತ್ತದೆ.

• ದೊಡ್ಡ ಪುಸ್ತಕ ರುಚಿಸದಿದ್ದರೆ ಹಾಗೆಂದೇ ಹೇಳಿ, ಕಾರಣ ಕೊಡಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಎತ್ತಿಕೊಂಡು, ಹೆಸರುಗಳ ಸಂತೆಯಲ್ಲಿ ದಾರಿ ತಪ್ಪಿ ಕೆಳಗಿಟ್ಟವರು ಬಹಳ ಮಂದಿ. ಕುವೆಂಪು ಎಂಬ ಕಾರಣಕ್ಕೆ ಸುಳ್ಳು ಮೆಚ್ಚುಗೆ ಬೇಡ. ಆದರೆ ಓದಿ ಮುಗಿಸಿದವರೊಬ್ಬರು ಪಕ್ಕದಲ್ಲಿದ್ದರೆ ಅವರಿಂದ ಒಂದು ಉಪಾಯ ಕೇಳಿ. ನಾನು ಹೇಳುವುದು ಇಷ್ಟೇ: ಗುತ್ತಿಯನ್ನೂ ಅವನ ನಾಯಿ ಹುಲಿಯನನ್ನೂ ಹಿಂಬಾಲಿಸಿ, ಉಳಿದವರು ತಾವಾಗಿಯೇ ದಾರಿಯಲ್ಲಿ ಸಿಗುತ್ತಾರೆ.

• ಯಾರಿಗೆ ಯಾವ ಪುಸ್ತಕ ಹೇಳುತ್ತಿದ್ದೀರಿ ಎಂಬುದನ್ನು ನೋಡಿಕೊಳ್ಳಿ. ಪೊಲೀಸ್ ಕೆಲಸಕ್ಕೆ, ಎಫ್‌ಡಿಎ ಪರೀಕ್ಷೆಗೆ ಓದುತ್ತಿರುವ ಹುಡುಗನಿಗೆ ಆರುನೂರು ಪುಟದ ಕಾದಂಬರಿ ಹೊರಿಸಬೇಡಿ. ಮಾಸ್ತಿಯವರ ಒಂದು ಸಣ್ಣಕತೆ ಕೊಡಿ. ಕುಯ್ಲಿನ ಕಾಲದಲ್ಲಿ ಯಾರಿಗೂ ಏನೂ ಕೊಡಬೇಡಿ. ಮನೆಯಲ್ಲಿ ತಮಿಳು ಆಡುವ ಗೆಳೆಯರಿಗೆ, ತಮಿಳಿನಲ್ಲಿ ಏನು ಓದುತ್ತಿದ್ದೀರಿ ಎಂದು ನೀವೇ ಕೇಳಿ. ಅವರು ಹೇಳಿದ್ದನ್ನು ಕನ್ನಡದಲ್ಲಿ ಊರಿಗೆ ಹೇಳಿ. ಗಡಿಯಲ್ಲಿ ಬೆಳೆದವರಿಗೆ ಇದು ಸುಲಭದ ಕೆಲಸ.

• ವಾಟ್ಸಾಪಿನಲ್ಲಿ ಬರೆಯುವುದಾದರೆ ಐದಾರು ಸಾಲು, ನಿಮ್ಮದೇ ಮಾತು. ಇನ್ನೊಬ್ಬರ ವಿಮರ್ಶೆಯನ್ನು ಹೆಸರು ತೆಗೆದು ಮುಂದಕ್ಕೆ ದಾಟಿಸುವುದು ಕಳ್ಳತನ.

• ಪುಸ್ತಕವನ್ನು ಹೇಳಿದ ದಿನಕ್ಕೆ ಹಿಂದಿರುಗಿಸಿ. ಒಳಗೊಂದು ಚೀಟಿ ಇಟ್ಟು ಕೊಡಿ: ನಿಮ್ಮ ಹೆಸರು, ಓದಿ ಮುಗಿಸಿದ ತಿಂಗಳು, ಹಿಡಿಸಿದ್ದು ಒಂದು, ಹಿಡಿಸದ್ದು ಒಂದು. ಮುಂದೆ ಓದುವವರು ಅದರ ಕೆಳಗೆ ತಮ್ಮದನ್ನು ಬರೆಯಲಿ. ಚೀಟಿ ತುಂಬಿದರೆ ಇನ್ನೊಂದು ಅಂಟಿಸಿ.

• ಕೊನೆಗೆ ನಿಮ್ಮ ಪಂಚಾಯಿತಿ ಗ್ರಂಥಾಲಯದ ಮಾತು. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಯಿತು. ಆ ಕಾರ್ಯಕ್ರಮದಲ್ಲಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಸದಸ್ಯತ್ವಕ್ಕೆ ದುಡ್ಡಿಲ್ಲ. ಈಗ ಆ ಗ್ರಂಥಾಲಯಗಳಿಗೆ ಅರಿವು ಕೇಂದ್ರ ಎಂಬ ಹೆಸರಿದೆ. ನಿಮ್ಮ ತಮ್ಮ, ತಂಗಿಯರ ಹೆಸರನ್ನು ಈ ವಾರವೇ ಅಲ್ಲಿ ಬರೆಸಿ. ಯಾವ ಪುಸ್ತಕ ಬೇಕು ಎಂದು ನಾಲ್ಕು ಜನ ಸೇರಿ, ಸಹಿ ಹಾಕಿ ಪಂಚಾಯಿತಿಗೆ ಅರ್ಜಿ ಕೊಡಿ. ‘ಕುಸುಮಬಾಲೆ’ಯ ಹೆಸರನ್ನು ಆ ಪಟ್ಟಿಯಲ್ಲಿ ಮೊದಲು ಬರೆಯಿರಿ.